ಬೈಸನ್ ಹಿಂಡು ಮೂಲನಿವಾಸಿಗಳ ನೆಲಕ್ಕೆ ಮರಳುವ ಕೆಲಸ: ಮೇವು, ಬೇಲಿ, ರೋಗ, ಹಕ್ಕು

ಗೋಮಾಳ:
ಉತ್ತರ ಅಮೆರಿಕದ ಬೈಸನ್ (ದನದ ಜಾತಿಯ ದೊಡ್ಡ ಕಾಡುಪ್ರಾಣಿ, ಅಲ್ಲಿ ಬಫಲೋ ಎಂದೂ ಕರೆಯುತ್ತಾರೆ) ಬಗ್ಗೆ ಓದಲು ಸಿಗುವ ಬರಹಗಳು ಹೆಚ್ಚಾಗಿ ಒಂದೇ ದಾರಿ ಹಿಡಿಯುತ್ತವೆ. ಕೋಟಿಗಟ್ಟಲೆ ಇದ್ದವು, ಕೊಂದರು, 1880ರ ದಶಕದ ಕೊನೆಗೆ ಸಾವಿರಕ್ಕೂ ಕಡಿಮೆ ಉಳಿದವು, ಆಮೇಲೆ ಸರ್ಕಾರ ಕಾಪಾಡಿತು. ಈ ಕೊನೆಯ ಮಾತು ಅರ್ಧ ಸತ್ಯ. 1870ರ ದಶಕದಲ್ಲಿ ರಾಕಿ ಪರ್ವತದ ಪೂರ್ವದ ಬಯಲಿನಿಂದ ಕೆಲವು ಕರುಗಳನ್ನು ಮೊಂಟಾನಾದ ಫ್ಲಾಟ್‌ಹೆಡ್ ಕಣಿವೆಗೆ ಹೊಡೆದುಕೊಂಡು ಬಂದವರು ಮೂಲನಿವಾಸಿಗಳು. 1884ರಲ್ಲಿ ಆ ಪುಟ್ಟ ಹಿಂಡನ್ನು ಮೈಕೆಲ್ ಪಾಬ್ಲೋ ಮತ್ತು ಚಾರ್ಲ್ಸ್ ಅಲಾರ್ಡ್ ಕೊಂಡು ಬೆಳೆಸಿದರು. 1904ರ ಕಾಯ್ದೆಯಿಂದ ಆ ಕಣಿವೆಯ ಮೂಲನಿವಾಸಿಗಳ ಮೀಸಲು ಪ್ರದೇಶವನ್ನು ವಲಸಿಗರಿಗೆ ತೆರೆಯಲು ಹೊರಟಾಗ ಮೇಯಲು ಜಾಗ ಇಲ್ಲದಂತಾಯಿತು. ಅಮೆರಿಕ ಸರ್ಕಾರ ಕೊಳ್ಳಲಿಲ್ಲ, ಕೆನಡಾ ಕೊಂಡಿತು. 1907ರಿಂದ 1912ರವರೆಗೆ ಸುಮಾರು 700 ಪ್ರಾಣಿಗಳು ರೈಲಿನಲ್ಲಿ ಗಡಿ ದಾಟಿದವು. ಆಲ್ಬರ್ಟಾದ ಎಲ್ಕ್ ಐಲೆಂಡ್ ರಾಷ್ಟ್ರೀಯ ಉದ್ಯಾನದಲ್ಲಿ ಉಳಿದುಕೊಂಡದ್ದು ಅದೇ ರಕ್ತ. 2016ರ ಏಪ್ರಿಲ್‌ನಲ್ಲಿ ಅಲ್ಲಿಂದ 87 ಕರುಗಳು ಮೊಂಟಾನಾದ ಬ್ಲ್ಯಾಕ್‌ಫೀಟ್ ಜನರ ನೆಲಕ್ಕೆ ವಾಪಸ್ ಬಂದವು. 2023ರಲ್ಲಿ ಚೀಫ್ ಮೌಂಟನ್ ಬುಡದಲ್ಲಿ ಒಂದು ಗುಂಪನ್ನು ಬೇಲಿಯಿಲ್ಲದ ಜಾಗಕ್ಕೇ ಬಿಟ್ಟರು.

ಇಂದು ಇಂಟರ್‌ಟ್ರೈಬಲ್ ಬಫಲೋ ಕೌನ್ಸಿಲ್ ಅಡಿಯಲ್ಲಿ 80ಕ್ಕೂ ಹೆಚ್ಚು ಬುಡಕಟ್ಟುಗಳಿವೆ. ಅವುಗಳ ನೆಲದಲ್ಲಿರುವ ಪ್ರಾಣಿಗಳು 20,000 ದಾಟಿವೆ. ಇಲ್ಲಿ ಪಶುವೈದ್ಯರು, ಹುಲ್ಲುಗಾವಲು ನಿರ್ವಹಣೆ ಓದಿದವರು, ಮೂಲನಿವಾಸಿಗಳ ಕಾನೂನು ಬಲ್ಲವರು ಇದ್ದೀರಿ. ಒಂದು ಹಿಂಡು ನಿಲ್ಲಬೇಕಾದರೆ ಏನೇನು ಬೇಕು, ಎಲ್ಲಿ ಕೆಡುತ್ತದೆ ಎಂಬುದನ್ನು ಬಿಡಿಸಿ ಬರೆಯಿರಿ. ಭಾವುಕ ಮಾತು ಬೇರೆ ಕಡೆ ಧಾರಾಳವಾಗಿ ಸಿಗುತ್ತದೆ.

ಹುಲ್ಲಿನ ಲೆಕ್ಕ:
ಮೊದಲು ಮೇವು. ಲೆಕ್ಕ ಸುಲಭ, ಆದರೂ ಇದನ್ನೇ ಮಾಡದೆ ಪ್ರಾಣಿ ತರಿಸಿಕೊಳ್ಳುವವರಿದ್ದಾರೆ.

450 ಕೆಜಿ ತೂಗುವ ಹೆಣ್ಣು ಬೈಸನ್ ದಿನಕ್ಕೆ ತನ್ನ ತೂಕದ ಶೇ. 2ರಿಂದ 2.5ರಷ್ಟು ಒಣಮೇವು ತಿನ್ನುತ್ತದೆ. 11 ಕೆಜಿ ಎಂದಿಟ್ಟುಕೊಳ್ಳಿ, ವರ್ಷಕ್ಕೆ 4 ಟನ್. ನಿಮ್ಮ ಬಯಲು ಹೆಕ್ಟೇರಿಗೆ 1,500 ಕೆಜಿ ಒಣಹುಲ್ಲು ಕೊಡುತ್ತದೆ ಅನ್ನೋಣ. ಅದರಲ್ಲಿ ಕಾಲುಭಾಗ ಮಾತ್ರ ಪ್ರಾಣಿಯ ಹೊಟ್ಟೆಗೆ ಹೋಗಬೇಕು. ಉಳಿದದ್ದು ಬೇರು ಉಳಿಸಿಕೊಳ್ಳಲು, ತುಳಿತಕ್ಕೆ, ಮಿಡತೆಗೆ, ಚಳಿಗಾಲದ ಮಂಜು (ಹಿಮ) ಹಿಡಿದಿಡಲು ಬೇಕು. ಹಾಗೆ ಮಾಡಿದರೆ ತಲೆಗೆ ಸುಮಾರು 10.7 ಹೆಕ್ಟೇರ್, ಅಂದರೆ 26 ಎಕರೆ. ಶೇ. 35 ಮೇಯಿಸುತ್ತೇವೆಂದರೆ 19 ಎಕರೆ. ದಕ್ಷಿಣ ಡಕೋಟಾದ ರೋಸ್‌ಬಡ್‌ನಲ್ಲಿ ಸಿಚಾಂಗು ಲಕೋಟಾ ಜನ 2020ರಲ್ಲಿ ಶುರುಮಾಡಿದ ವೊಲಕೋಟಾ ಹುಲ್ಲುಗಾವಲು 28,000 ಎಕರೆ, ಗುರಿ 1,500 ಪ್ರಾಣಿ. ಭಾಗಿಸಿದರೆ ತಲೆಗೆ 18.7 ಎಕರೆ ಬರುತ್ತದೆ. ಅಂದರೆ ಅವರ ಗುರಿ ಬಾಯಿಗೆ ಬಂದ ಸಂಖ್ಯೆ ಅಲ್ಲ, ಆದರೆ ಬರಗಾಲಕ್ಕೆ ಹೆಚ್ಚು ಜಾಗ ಬಿಟ್ಟ ಸಂಖ್ಯೆಯೂ ಅಲ್ಲ.

ತಪ್ಪುವುದು ಇಲ್ಲೇ. ಒಳ್ಳೆ ಮಳೆಯ ವರ್ಷದ ಹುಲ್ಲು ಅಳೆದು ಹಿಂಡಿನ ಮಿತಿ ಕಟ್ಟುತ್ತಾರೆ. ಬೈಸನ್ ಮೂರನೇ ವರ್ಷಕ್ಕೆ ಮೊದಲ ಕರು ಹಾಕುತ್ತದೆ, ಸಾವು ಕಡಿಮೆ. ಆರೋಗ್ಯವಂತ ಹಿಂಡು ವರ್ಷಕ್ಕೆ ಶೇ. 15ರಿಂದ 20 ಬೆಳೆಯುತ್ತದೆ, ಅಂದರೆ ನಾಲ್ಕೈದು ವರ್ಷಕ್ಕೆ ಇಮ್ಮಡಿ. ಹುಲ್ಲು ಇಮ್ಮಡಿಯಾಗುವುದಿಲ್ಲ. ಹೆಚ್ಚುವರಿ ಪ್ರಾಣಿ ಎಲ್ಲಿಗೆ ಹೋಗುತ್ತದೆ, ಇನ್ನೊಂದು ಬುಡಕಟ್ಟಿಗೋ ಅಡುಗೆಮನೆಗೋ ಎಂಬುದು ಮೊದಲ ಪ್ರಾಣಿ ಇಳಿಯುವ ಮುಂಚೆಯೇ ತೀರ್ಮಾನ ಆಗಿರಬೇಕು. ಮೂರು ವರ್ಷದಲ್ಲಿ ಅತಿ ಒಣಗಿದ ವರ್ಷ ಯಾವುದೋ ಅದರ ಇಳುವರಿಯ ಮೇಲೆ ಮಿತಿ ಕಟ್ಟಿ ಎನ್ನುವುದು ನನ್ನ ಸಲಹೆ.

ನೀರು: ಬೇಸಿಗೆಯಲ್ಲಿ ದೊಡ್ಡ ಪ್ರಾಣಿಗೆ ದಿನಕ್ಕೆ 40 ಲೀಟರ್ ಆಸುಪಾಸು. ದನಗಳ ಹಾಗೆ ಕೆರೆಯಂಚಿಗೇ ಅಂಟಿಕೊಂಡು ನಿಲ್ಲುವುದಿಲ್ಲ, ಕುಡಿದು ಹೊರಟುಬಿಡುತ್ತವೆ, ಹಾಗಾಗಿ ಹಳ್ಳದ ದಂಡೆ ಕಡಿಮೆ ಹಾಳಾಗುತ್ತದೆ. ಚಳಿಗಾಲದಲ್ಲಿ ಮಂಜನ್ನೇ ತಿಂದು ನಿಭಾಯಿಸುತ್ತವೆ.

ಕಾನ್ಸಸ್‌ನ ಕೊಂಜಾ ಹುಲ್ಲುಗಾವಲಿನಲ್ಲಿ ಸುಮಾರು 30 ವರ್ಷ ನಡೆದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಬೈಸನ್ ಮೇದ ಕಡೆ ಸ್ಥಳೀಯ ಸಸ್ಯಜಾತಿಗಳ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟು, ದನ ಮೇದ ಕಡೆ ಏರಿಕೆ ಅದಕ್ಕಿಂತ ಬಹಳ ಕಡಿಮೆ. ಎತ್ತರದ ಹುಲ್ಲನ್ನು ಅದು ಇಷ್ಟಪಟ್ಟು ತಿನ್ನುವುದರಿಂದ ಸಣ್ಣ ಹೂಗಿಡಗಳಿಗೆ ಬಿಸಿಲು ಸಿಗುತ್ತದೆ.

ತಂತಿ-ಗೂಟ:
ಬೇಲಿಗೆ ಬರೋಣ. ಹಣ ಹೆಚ್ಚು ನುಂಗುವುದು ಇದೇ.

ಬೈಸನ್ ಗಂಟೆಗೆ 55 ಕಿಮೀ ಓಡುತ್ತದೆ, ಆರಡಿ ಹತ್ತಿರ ಹಾರುತ್ತದೆ, ದೊಡ್ಡ ಹೋರಿ 900 ಕೆಜಿ. ಇದನ್ನು ಕೇಳಿದವರು ಆರಡಿಯ ಹೆಣೆದ ತಂತಿಬಲೆ ಹಾಕಿಬಿಡುತ್ತಾರೆ. ಬೈಸನ್ ಒಳಗೆ ನಿಲ್ಲುತ್ತದೆ ನಿಜ, ಆದರೆ ಪ್ರಾಂಗ್‌ಹಾರ್ನ್ ಸಾಯುತ್ತದೆ. ಆ ಜಿಂಕೆಯಂಥ ಪ್ರಾಣಿ ಬೇಲಿ ಹಾರುವುದು ಬಲು ಅಪರೂಪ, ಕೆಳಗಿನ ತಂತಿಯಡಿ ನುಸುಳುತ್ತದೆ. ಚಳಿಗಾಲದ ವಲಸೆಯಲ್ಲಿ ಬಲೆ ಅಡ್ಡಬಂದರೆ ಅದರ ಉದ್ದಕ್ಕೂ ನಡೆದು ನಡೆದು ಮಂಜಿನಲ್ಲಿ ಸಿಕ್ಕಿಬೀಳುತ್ತದೆ. ಒಂದು ಪ್ರಾಣಿಯನ್ನು ಮರಳಿಸಲು ಹೋಗಿ ಇನ್ನೊಂದನ್ನು ಕಳೆದುಕೊಳ್ಳುವುದು ಯಾವ ಬುಡಕಟ್ಟಿಗೂ ಬೇಡದ ವಿಷಯ.

ಆದ್ದರಿಂದ ದೊಡ್ಡ ಹುಲ್ಲುಗಾವಲಿಗೆ ನಾಲ್ಕೈದು ಎಳೆ ಸಾಕು. ಅತಿ ಕೆಳಗಿನ ಎಳೆ ನೆಲದಿಂದ 16ರಿಂದ 18 ಇಂಚು ಮೇಲೆ, ಮುಳ್ಳಿಲ್ಲದ ನುಣುಪು ತಂತಿ. ನಡುವಿನ ಒಂದೆರಡು ಎಳೆಯಲ್ಲಿ ವಿದ್ಯುತ್. ಮೂಗಿನ ಮಟ್ಟದಲ್ಲಿರುವುದೇ ಮುಖ್ಯ, ಯಾಕೆಂದರೆ ಉಳಿದ ಮೈಯೆಲ್ಲ ದಟ್ಟ ಕೂದಲು, ಶಾಕ್ ತಾಗುವುದಿಲ್ಲ. ತಂತಿಯಲ್ಲಿ 5,000 ವೋಲ್ಟ್‌ಗಿಂತ ಕೆಳಗಿಳಿಯಲು ಬಿಡಬೇಡಿ. ಒಣಗಿದ ನೆಲ, ಮಂಜು ಎರಡೂ ವಿದ್ಯುತ್ ಸಾಗಿಸುವುದಿಲ್ಲ. ಬರೀ ನೆಲಕ್ಕೆ ಅರ್ಥಿಂಗ್ ಕೊಟ್ಟರೆ ಪ್ರಾಣಿ ಮುಟ್ಟಿದರೂ ಸರ್ಕಿಟ್ ಪೂರ್ತಿಯಾಗದು. ಹಾಗಾಗಿ ವಿದ್ಯುತ್ ಎಳೆಯ ಪಕ್ಕದ ಎಳೆಯನ್ನೇ ಅರ್ಥಿಂಗ್‌ಗೆ ಜೋಡಿಸಬೇಕು, ಮೂಗು ಎರಡಕ್ಕೂ ತಾಗಬೇಕು. ಮೂಲೆಗಳಲ್ಲಿ ಎಚ್ ಆಕಾರದ ಮರದ ಆಧಾರ ಗಟ್ಟಿಯಾಗಿರಲಿ. ಎಳೆದು ಬಿಗಿದ ತಂತಿ ಸೋಲುವುದು ಮಧ್ಯದಲ್ಲಿ ಅಲ್ಲ, ಮೂಲೆಗೂಟ ಮಂಜುಗಡ್ಡೆಗೆ ಮೇಲೆದ್ದಾಗ.

ಇನ್ನೊಂದು ಮಾತು. ಬೇಲಿ ಮುರಿಯುವುದು ಹಸಿದ ಹಿಂಡು, ಬಾಯಾರಿದ ಹಿಂಡು, ಇಲ್ಲವೇ ಹಿಂಡಿನಿಂದ ಬೇರೆಯಾದ ಒಂಟಿ ಹೋರಿ. ಹೊಟ್ಟೆ ತುಂಬಿದ ಹಿಂಡು ಐದು ಎಳೆಯನ್ನು ವರ್ಷಗಟ್ಟಲೆ ಮುಟ್ಟುವುದಿಲ್ಲ. ಬೇಲಿ ಪದೇ ಪದೇ ಮುರಿಯುತ್ತಿದ್ದರೆ ತಂತಿ ಹೆಚ್ಚಿಸುವ ಮುಂಚೆ ಒಳಗಿನ ಹುಲ್ಲು ನೋಡಿ.

ಪಶುವೈದ್ಯೆ:
ರೋಗದ ಭಾಗ ನಾನು ಬರೆಯುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಮ್ಮಲ್ಲಿ ಹಸು ಕಂದು ಹಾಕಿದರೆ (ಗರ್ಭಪಾತವಾದರೆ) ಮೊದಲು ಅನುಮಾನ ಬರುವುದು ಬ್ರುಸೆಲ್ಲೋಸಿಸ್ ಮೇಲೆ. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಅದಕ್ಕೇ ಲಸಿಕೆ ಹಾಕಿಸುವುದು. ಆ ರೋಗದ ಬ್ಯಾಕ್ಟೀರಿಯಾ ಬ್ರುಸೆಲ್ಲಾ ಅಬಾರ್ಟಸ್ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬೈಸನ್‌ಗಳಲ್ಲಿದೆ, ಅವುಗಳಿಗೆ ಬಂದದ್ದು ದನಗಳಿಂದ. ಬೆಳೆದ ಹೆಣ್ಣುಗಳಲ್ಲಿ ಸುಮಾರು ಶೇ. 60ರ ರಕ್ತದಲ್ಲಿ ಪ್ರತಿಕಾಯ ಸಿಗುತ್ತದೆ. ಪ್ರತಿಕಾಯ ಇದ್ದದ್ದೆಲ್ಲ ರೋಗ ಹರಡುತ್ತದೆ ಎಂದಲ್ಲ, ಕೆಲವು ಗುಣವಾಗಿರುತ್ತವೆ. ರೋಗಾಣು ಹೊರಬರುವುದು ಮುಖ್ಯವಾಗಿ ಕಂದು ಹಾಕಿದಾಗ, ಮಾಸಿನಲ್ಲಿ (ಕಸದಲ್ಲಿ) ಮತ್ತು ಈದ ನೀರಿನಲ್ಲಿ.

ಯೆಲ್ಲೋಸ್ಟೋನ್ ಹಿಂಡಿಗೆ ಇಷ್ಟು ಬೆಲೆ ಯಾಕೆಂದರೆ ಅಮೆರಿಕದಲ್ಲಿ ಇತಿಹಾಸಪೂರ್ವ ಕಾಲದಿಂದ ಕಡಿದುಹೋಗದೆ ಬೈಸನ್ ಉಳಿದ ಜಾಗ ಅದೊಂದೇ. ಚಳಿಗಾಲದಲ್ಲಿ ಅವು ಹುಲ್ಲು ಹುಡುಕಿ ಉದ್ಯಾನದ ಗಡಿ ದಾಟುತ್ತವೆ, ಮೊಂಟಾನಾದ ದನ ಸಾಕುವವರ ಭಯಕ್ಕೆ ಹಿಡಿದು ಕಸಾಯಿಖಾನೆಗೆ ಕಳಿಸುವ ಪದ್ಧತಿ ಬೆಳೆಯಿತು. ಇದಕ್ಕೆ ಪರ್ಯಾಯವೇ ಕ್ವಾರಂಟೈನ್. ಹಂತ ಹೀಗೆ: ಹಿಡಿದ ಪ್ರಾಣಿಯ ರಕ್ತಪರೀಕ್ಷೆ. ನೆಗೆಟಿವ್ ಬಂದವನ್ನು ಎರಡು ಸಾಲು ಬೇಲಿಯ ದೊಡ್ಡಿಯಲ್ಲಿ, ವಯಸ್ಸು ಮತ್ತು ಲಿಂಗದ ಪ್ರಕಾರ ಸಣ್ಣ ಗುಂಪುಗಳಾಗಿ ಕೂಡಿಹಾಕುವುದು. ಮತ್ತೆ ಮತ್ತೆ ಪರೀಕ್ಷೆ. ಗುಂಪಿನಲ್ಲಿ ಒಂದಕ್ಕೆ ಪಾಸಿಟಿವ್ ಬಂದರೆ ಅದನ್ನು ತೆಗೆದು ಉಳಿದವುಗಳ ದಿನಗಣನೆ ಮೊದಲಿನಿಂದ ಶುರು. ಹೋರಿಗಳಿಗಿಂತ ಹೆಣ್ಣುಗಳಿಗೆ ಬಹಳ ಹೆಚ್ಚು ಕಾಲ ಹಿಡಿಯುತ್ತದೆ, ಯಾಕೆಂದರೆ ಅಡಗಿ ಕೂತ ರೋಗಾಣು ಗಬ್ಬದ ಕೊನೆಯಲ್ಲಿ, ಈದಾಗಲೇ ಬಯಲಾಗುವುದು. ಆ ಈಯುವಿಕೆ ಮುಗಿಯದೆ ಬಿಡುವಂತಿಲ್ಲ. ಎಲ್ಲ ಮುಗಿದ ಮೇಲೂ ಮೊಂಟಾನಾದ ಫೋರ್ಟ್ ಪೆಕ್‌ನ ಅಸಿನಿಬೋಯ್ನ್ ಮತ್ತು ಸೂ ಜನರು ಕಟ್ಟಿದ ದೊಡ್ಡಿಯಲ್ಲಿ ಇನ್ನೊಂದು ವರ್ಷದ ಖಾತರಿ ಪರೀಕ್ಷೆ. ನಂತರವೇ ಬೇರೆ ಬುಡಕಟ್ಟುಗಳಿಗೆ ಹಂಚಿಕೆ.

ಇದರಲ್ಲಿ ಇಕ್ಕಟ್ಟು ಎಲ್ಲಿ? ಜಾಗದಲ್ಲಿ. ಮಣಕಗಳ ಗುಂಪೊಂದು ವರ್ಷಗಟ್ಟಲೆ ದೊಡ್ಡಿ ಹಿಡಿದಿದ್ದರೆ ಹೊಸ ಗುಂಪಿಗೆ ಜಾಗವಿಲ್ಲ, ಆ ಚಳಿಗಾಲದಲ್ಲಿ ಸಿಕ್ಕಿದ್ದು ಕಸಾಯಿಖಾನೆಗೆ ಹೋಗುತ್ತದೆ. ದೊಡ್ಡಿ ವಿಸ್ತರಿಸಿದಷ್ಟೂ ಜೀವ ಉಳಿಯುತ್ತದೆ. ನೇರ ಲೆಕ್ಕ.

ಉಳಿದ ರೋಗ ಎರಡು ಹೇಳಲೇಬೇಕು. ಮಾಲಿಗ್ನಂಟ್ ಕಟಾರಲ್ ಜ್ವರ ಕುರಿಗಳಲ್ಲಿ ಸುಮ್ಮನೆ ಇರುವ ವೈರಸ್ಸಿನಿಂದ ಬರುತ್ತದೆ. ಕುರಿಗೆ ಏನೂ ಆಗದು, ಬೈಸನ್‌ಗೆ ಬಂದರೆ ಬಹುತೇಕ ಸಾವೇ. ದೊಡ್ಡ ಕುರಿಮಂದೆ ಹಲವು ಕಿಲೋಮೀಟರ್ ದೂರದಲ್ಲಿದ್ದರೂ ಹರಡಿದ ದಾಖಲೆ ಇದೆ, ಆದ್ದರಿಂದ ಜಾಗ ಆರಿಸುವಾಗ ಸುತ್ತಲ ಕುರಿ ಸಾಕಣೆ ವಿಚಾರಿಸಿ. ಇನ್ನೊಂದು ಮೈಕೋಪ್ಲಾಸ್ಮಾ ಬೋವಿಸ್. ದನದಲ್ಲಿ ಸಾಮಾನ್ಯವಾಗಿ ಕರುಗಳ ಕಾಯಿಲೆ, ಬೈಸನ್‌ನಲ್ಲಿ ಬೆಳೆದ ಹೆಣ್ಣುಗಳನ್ನೇ ಹೊಡೆಯುತ್ತದೆ. ನ್ಯುಮೋನಿಯಾ, ಕೀಲುಬಾವು. ಔಷಧಿ ನಂಬುವಂತಿಲ್ಲ. ಹೊಸದಾಗಿ ಬಂದವನ್ನು ಹಳೆ ಹಿಂಡಿಗೆ ಬೆರೆಸುವ ಮುಂಚೆ ಬೇರೆ ಇಡುವುದೊಂದೇ ದಾರಿ.

ಬಯಲುಸೀಮೆ:
@ಪಶುವೈದ್ಯೆ, ಕ್ವಾರಂಟೈನ್ ವಿವರ ಸರಿ. ಆದರೆ ಅದರ ಹಿಂದಿನ ಅಸಮಾನತೆಯನ್ನೂ ಹೇಳಬೇಕಿತ್ತು. ಯೆಲ್ಲೋಸ್ಟೋನ್ ಸುತ್ತ ಎಲ್ಕ್ ಜಿಂಕೆಗಳಲ್ಲೂ ಇದೇ ರೋಗ ಇದೆ. ಇತ್ತೀಚಿನ ದಶಕಗಳಲ್ಲಿ ದನಗಳಿಗೆ ಹರಡಿದ್ದು ಎಲ್ಕ್‌ನಿಂದ ಎಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2017ರ ವರದಿಯೇ ಹೇಳಿದೆ. ಕಾಡು ಬೈಸನ್‌ನಿಂದ ನೇರವಾಗಿ ದನಕ್ಕೆ ಹರಡಿದ ಒಂದು ಪ್ರಕರಣವೂ ಅಲ್ಲಿ ದಾಖಲಾಗಿಲ್ಲ. ಎಲ್ಕ್ ಗಡಿ ದಾಟಿ ಓಡಾಡುತ್ತದೆ, ಬೈಸನ್‌ಗೆ ಮಾತ್ರ ವರ್ಷಗಟ್ಟಲೆ ದೊಡ್ಡಿ.

ಪಶುವೈದ್ಯೆ:
@ಬಯಲುಸೀಮೆ ಒಪ್ಪುತ್ತೇನೆ. ಆದರೂ ಬುಡಕಟ್ಟುಗಳ ಕಡೆಯಿಂದ ನೋಡಿದರೆ ಕ್ವಾರಂಟೈನ್ ಮುಗಿಸಿ ಸಿಗುವ ರೋಗವಿಲ್ಲವೆಂಬ ಪ್ರಮಾಣಪತ್ರಕ್ಕೆ ಬೆಲೆ ಇದೆ. ಒಂದು ಹಿಂಡಿನಲ್ಲಿ ಒಂದು ಪಾಸಿಟಿವ್ ಬಂದರೆ ಇಡೀ ವರ್ಗಾವಣೆ ಕಾರ್ಯಕ್ರಮ ನಿಲ್ಲಿಸಲು ಕಾಯುತ್ತಿರುವವರಿದ್ದಾರೆ. ನಿಯಮ ಅನ್ಯಾಯದ್ದು ಎಂದು ಹೋರಾಡುತ್ತಲೇ ಪರೀಕ್ಷೆಯಲ್ಲಿ ಒಂದು ಲೋಪವೂ ಇಲ್ಲದಂತೆ ನೋಡಿಕೊಂಡದ್ದು ಫೋರ್ಟ್ ಪೆಕ್‌ನವರ ದೊಡ್ಡ ಸಾಧನೆ.

ದೊಡ್ಡಿ ಕೆಲಸ:
ಹಿಡಿಯುವುದು, ಸಾಗಿಸುವುದು, ಇಳಿಸುವುದು. ಪ್ರಾಣಿ ಸಾಯುವುದು ಈ ಮೂರರಲ್ಲೇ.

ದನದ ದೊಡ್ಡಿ ಇದಕ್ಕೆ ಆಗುವುದಿಲ್ಲ. ಗೋಡೆ ಏಳೆಂಟು ಅಡಿ, ಸಂದಿಲ್ಲದ ಹಲಗೆ, ಹೊರಗೆ ಮನುಷ್ಯ ಕಾಣಬಾರದು. ಓಣಿ ಬಾಗಿರಬೇಕು, ತುದಿಯಲ್ಲಿ ಏನಿದೆ ಎಂದು ಮುಂದಿನ ಪ್ರಾಣಿಗೆ ತಿಳಿಯಬಾರದು. ಹಿಡಿಕಟ್ಟಿನ (ಪರೀಕ್ಷೆಗೆ ಪ್ರಾಣಿಯನ್ನು ಅಲುಗದಂತೆ ಹಿಡಿಯುವ ಚೌಕಟ್ಟಿನ) ಹತ್ತಿರ ಗಮನಿಸಿ: ದನಕ್ಕೆ ಕತ್ತು ಹಿಡಿಯುವ ಬಾಗಿಲು ತೆರೆದಿದ್ದರೆ ಸಾಕು. ಬೈಸನ್ ಅಲ್ಲಿ ಬೆಳಕು ಕಂಡ ಕೂಡಲೇ ಪೂರ್ತಿ ವೇಗದಲ್ಲಿ ನುಗ್ಗುತ್ತದೆ, ಬಾಗಿಲು ಮುಚ್ಚಿದಾಗ ಭುಜ ಆಗಲೇ ದಾಟಿರುತ್ತದೆ, ಕೊಂಬು ಮುರಿಯುತ್ತದೆ, ಕೆಲವೊಮ್ಮೆ ಕತ್ತೇ ಮುರಿಯುತ್ತದೆ. ಅದಕ್ಕೆ ಬಾಗಿಲ ಮುಂದೆ ಮೂರು-ನಾಲ್ಕು ಅಡಿ ದೂರದಲ್ಲಿ ಇನ್ನೊಂದು ಗಟ್ಟಿ ಅಡ್ಡಬಾಗಿಲು ಇಡುತ್ತಾರೆ. ಮುಂದೆ ದಾರಿಯಿಲ್ಲ ಎಂದು ಕಂಡು ವೇಗ ಇಳಿಸುತ್ತದೆ, ಆಗ ಕತ್ತು ಹಿಡಿಯಬಹುದು. ಮೇಲ್ಭಾಗವೂ ಮುಚ್ಚಿರಬೇಕು, ಇಲ್ಲದಿದ್ದರೆ ಹಿಂಗಾಲ ಮೇಲೆ ನಿಂತು ಹತ್ತಿ ಹೊರಗೆ ಹೋಗುತ್ತದೆ.

ಸೆಕೆಯಲ್ಲಿ ಹಿಡಿಯಬೇಡಿ. ಅಕ್ಟೋಬರ್‌ನಿಂದ ಜನವರಿ ಸರಿಯಾದ ಕಾಲ. ಅಟ್ಟಾಡಿಸಿ ಓಡಿಸಿದರೆ ಸ್ನಾಯುಗಳೇ ಒಳಗೆ ಕರಗಿ, ಅಂದು ಚೆನ್ನಾಗಿದ್ದ ಪ್ರಾಣಿ ಎರಡು-ಮೂರು ದಿನ ಬಿಟ್ಟು ಸಾಯುತ್ತದೆ. ಒಂದನ್ನೇ ಗುಂಪಿನಿಂದ ಬಿಡಿಸಿ ನಿಲ್ಲಿಸುವುದು ಅತಿ ಅಪಾಯ.

ಟ್ರೇಲರ್‌ನಲ್ಲಿ ವಯಸ್ಸು ಮತ್ತು ಗಾತ್ರಕ್ಕೆ ತಕ್ಕಂತೆ ಕೋಣೆ, ಬೆಳೆದ ಹೋರಿ ಒಂಟಿಯಾಗಿ. ಕೊಂಬಿನ ತುದಿಗೆ ರಬ್ಬರ್ ಕೊಳವೆ ಸಿಕ್ಕಿಸಿದರೆ ಪಕ್ಕದ್ದರ ಹೊಟ್ಟೆ ಉಳಿಯುತ್ತದೆ. ಇಳಿಸುವುದು ಹಗಲಲ್ಲಿ, ಅವಾಗಿಯೇ ನಡೆದು ಬರುವವರೆಗೆ ಕಾಯುವುದು.

ಇಳಿಸಿದ ಕೂಡಲೇ ಬಯಲಿಗೆ ಬಿಟ್ಟರೆ ಬಂದ ದಿಕ್ಕಿಗೆ ಹೊರಡುತ್ತವೆ. ಕೆನಡಾದ ಬ್ಯಾನ್ಫ್ ಉದ್ಯಾನದಲ್ಲಿ 2017ರಲ್ಲಿ ಎಲ್ಕ್ ಐಲೆಂಡ್‌ನ 16 ಪ್ರಾಣಿಗಳನ್ನು ಸರಕು ಕಂಟೇನರ್‌ನಲ್ಲಿ ಕೂರಿಸಿ ಹೆಲಿಕಾಪ್ಟರ್‌ನಿಂದ ಪ್ಯಾಂಥರ್ ಕಣಿವೆಗೆ ಇಳಿಸಿದರು. ಸುಮಾರು ಒಂದೂವರೆ ವರ್ಷ ಬೇಲಿಯೊಳಗೇ ಇಟ್ಟು, ಹೆಣ್ಣುಗಳು ಅಲ್ಲೇ ಎರಡು ಸಲ ಈದ ಮೇಲೆ 2018ರ ಬೇಸಿಗೆಯಲ್ಲಿ ಬಾಗಿಲು ತೆರೆದರು. ಈದ ಜಾಗವನ್ನು ಹೆಣ್ಣು ತನ್ನದೆಂದು ಹಿಡಿಯುತ್ತದೆ, ಹಿಂಡು ಹೆಣ್ಣಿನ ಹಿಂದೆ ನಡೆಯುತ್ತದೆ. ಅದು ಸರ್ಕಾರಿ ಉದ್ಯಾನದ ಯೋಜನೆ, ಆದರೆ ಪಾಠ ಎಲ್ಲರಿಗೂ ಒಂದೇ. ಅಷ್ಟು ಕಾಲ ಆಗದಿದ್ದರೂ ಕೆಲವು ವಾರಗಳಾದರೂ ಸಣ್ಣ ಬಯಲಿನಲ್ಲಿ ಒಣಹುಲ್ಲು, ನೀರು ಕೊಟ್ಟು ಇಡಲೇಬೇಕು.

ವಂಶವಾಹಿ:
ತಳಿಯ ಬಗ್ಗೆ ಚಿಕ್ಕದಾಗಿ. ಖಾಸಗಿ ಫಾರಂಗಳಲ್ಲಿ ಹತ್ತು ಹೆಣ್ಣಿಗೊಂದು ಹೋರಿ ಇಡುತ್ತಾರೆ, ಮಾಂಸಕ್ಕೆ ಅದು ಲಾಭ. ಹಿಂಡನ್ನು ಹಿಂಡಾಗಿ ಉಳಿಸಬೇಕಾದರೆ ಗಂಡು-ಹೆಣ್ಣು ಸಮಸಮ ಹತ್ತಿರ ಇರಬೇಕು. ಜುಲೈ-ಆಗಸ್ಟ್‌ನ ಬೆದೆಯಲ್ಲಿ ಹೋರಿಗಳು ಕಾದಾಡಿ ಗೆಲ್ಲಬೇಕು. ವಂಶವೈವಿಧ್ಯ ದೀರ್ಘಕಾಲ ನಿಲ್ಲಲು 1,000 ಪ್ರಾಣಿ ಬೇಕೆಂಬುದು ತಜ್ಞರ ಸಾಮಾನ್ಯ ಅಂದಾಜು, ಹೆಚ್ಚಿನ ಬುಡಕಟ್ಟು ಹಿಂಡುಗಳು ಅದಕ್ಕಿಂತ ಬಹಳ ಚಿಕ್ಕವು. ಪರಿಹಾರ ಅಂದರೆ ಹಿಂಡುಗಳ ನಡುವೆ ಕೆಲವು ವರ್ಷಕ್ಕೊಮ್ಮೆ ಪ್ರಾಣಿ ವಿನಿಮಯ. 2014ರ ಸೆಪ್ಟೆಂಬರ್‌ನಲ್ಲಿ ಬ್ಲ್ಯಾಕ್‌ಫೀಟ್ ನೆಲದಲ್ಲಿ ಗಡಿಯ ಎರಡೂ ಕಡೆಯ ಜನಾಂಗಗಳು ಸಹಿ ಹಾಕಿದ ಬಫಲೋ ಒಪ್ಪಂದಕ್ಕೆ ಈ ದೃಷ್ಟಿಯಿಂದಲೂ ಮಹತ್ವ ಇದೆ.

ದನದ ರಕ್ತ ಬೆರೆತಿಲ್ಲದ ಹಿಂಡೇ ಬೇಕು ಎಂದು ಹಟ ಹಿಡಿಯುವವರಿಗೆ ಒಂದು ಮಾತು: 2022ರ ಜೀನೋಮ್ ಅಧ್ಯಯನದಲ್ಲಿ ಪರೀಕ್ಷಿಸಿದ ಎಲ್ಲ ಹಿಂಡುಗಳಲ್ಲೂ, ಯೆಲ್ಲೋಸ್ಟೋನ್ ಸೇರಿ, ಅಲ್ಪಸ್ವಲ್ಪ ದನದ ಅಂಶ ಸಿಕ್ಕಿತು. ಮೂಲ ಆರಿಸುವಾಗ ರೋಗಮುಕ್ತಿ ಮತ್ತು ವೈವಿಧ್ಯ ನೋಡಿ.

ಹಕ್ಕುಪತ್ರ:
ಇಲ್ಲಿವರೆಗೆ ಬಂದದ್ದೆಲ್ಲ ಹಣ ಕೊಟ್ಟರೆ ಆಗುವ ಕೆಲಸ. ನೆಲ ಹಾಗಲ್ಲ.

1887ರ ಡಾಸ್ ಕಾಯ್ದೆ ಸಾಮೂಹಿಕ ನೆಲವನ್ನು ಒಬ್ಬೊಬ್ಬರ ಹೆಸರಿಗೆ ತುಂಡು ಮಾಡಿತು, ಹೆಚ್ಚುವರಿ ಎಂದು ಕರೆದದ್ದನ್ನು ಹೊರಗಿನವರಿಗೆ ಕೊಟ್ಟಿತು. ಉಳಿದ ತುಂಡುಗಳು ವಾರಸುದಾರರ ನಡುವೆ ಒಡೆಯುತ್ತಾ ಹೋಗಿ ಈಗ ಒಂದು ತುಂಡಿಗೆ ಹತ್ತಾರು, ನೂರಾರು ಪಾಲುದಾರರು. ಅವನ್ನು ಫೆಡರಲ್ ಇಲಾಖೆಯ ಮೂಲಕ ದನ ಸಾಕುವವರಿಗೆ ಗೇಣಿಗೆ ಕೊಟ್ಟಿರುತ್ತಾರೆ. ಹಾಗಾಗಿ ಮೀಸಲು ಪ್ರದೇಶದ ನಕ್ಷೆಯಲ್ಲಿ ಲಕ್ಷಾಂತರ ಎಕರೆ ಕಂಡರೂ ಒಟ್ಟಿಗೆ ಸೇರಿದ 20,000 ಎಕರೆ ಸಿಗುವುದು ಕಷ್ಟ. ಹೊಸದಾಗಿ ಶುರುಮಾಡುವವರು ಮಾಡಬೇಕಾದ ಮೊದಲ ಕೆಲಸ, ಯಾವ ಗೇಣಿ ಯಾವ ವರ್ಷ ಮುಗಿಯುತ್ತದೆ ಎಂಬ ಪಟ್ಟಿ ಮಾಡಿ ಅಕ್ಕಪಕ್ಕದ ತುಂಡುಗಳು ಒಟ್ಟಿಗೆ ಬಿಡುಗಡೆಯಾಗುವಂತೆ ನೋಡುವುದು.

ವಾಯೋಮಿಂಗ್‌ನ ವಿಂಡ್ ರಿವರ್ ನೋಡಿ. ಈಸ್ಟರ್ನ್ ಶೊಶೋನಿ ಜನ 2016ರಲ್ಲಿ ಅಯೋವಾದ ನೀಲ್ ಸ್ಮಿತ್ ವನ್ಯಜೀವಿಧಾಮದಿಂದ 10 ಪ್ರಾಣಿ ತಂದರು, ನಾರ್ದರ್ನ್ ಅರಪಾಹೊ ಜನ 2019ರಲ್ಲಿ ಇನ್ನು 10. ಶೊಶೋನಿಯ ಜೇಸನ್ ಬಾಲ್ಡಿಸ್ ಮುಂಚೂಣಿಯಲ್ಲಿ ನಿಂತು ಹುಲ್ಲುಗಾವಲು ಹಿಗ್ಗಿಸುತ್ತಾ ಬಂದಿದ್ದಾರೆ. 2025ರಲ್ಲಿ ಈಸ್ಟರ್ನ್ ಶೊಶೋನಿ ತಮ್ಮ ಕಾನೂನಿನಲ್ಲಿ ಬೈಸನ್ ಜಾನುವಾರಲ್ಲ, ವನ್ಯಜೀವಿ ಎಂದು ಬರೆದರು. ಇದು ಕಾಗದದ ಮಾತಲ್ಲ. ಜಾನುವಾರು ಎಂದಾದರೆ ಬೇಲಿ ದಾಟಿದ್ದಕ್ಕೆ ಮಾಲೀಕ ಹೊಣೆ, ಕಿವಿಗೆ ಬಿಲ್ಲೆ, ಮೇವಿನ ಗೇಣಿ ಲೆಕ್ಕ. ವನ್ಯಜೀವಿ ಎಂದಾದರೆ ಎಲ್ಕ್‌ಗಿರುವ ಬೇಟೆ ನಿಯಮವೇ ಇದಕ್ಕೂ, ಅದನ್ನು ಬರೆಯುವುದು ಬುಡಕಟ್ಟಿನ ಆಡಳಿತ.

ವಿರೋಧ ಕೋರ್ಟಿಗೂ ಹೋಗುತ್ತದೆ. 2012ರಲ್ಲಿ ಯೆಲ್ಲೋಸ್ಟೋನ್ ಪ್ರಾಣಿಗಳು ಫೋರ್ಟ್ ಪೆಕ್‌ಗೆ ಬಂದ ಮೇಲೆ ಅಲ್ಲಿಂದ ಫೋರ್ಟ್ ಬೆಲ್ಕ್‌ನ್ಯಾಪ್ ಎಂಬ ಇನ್ನೊಂದು ಮೀಸಲು ಪ್ರದೇಶಕ್ಕೆ ಕಳಿಸದಂತೆ ತಡೆಯಾಜ್ಞೆ ಬಂತು. 2013ರಲ್ಲಿ ಮೊಂಟಾನಾ ಸುಪ್ರೀಂ ಕೋರ್ಟ್ ತೆರವು ಮಾಡಿದ ಮೇಲೆಯೇ ಸಾಗಣೆ. ನೆಲ ಮರಳಿದ ಉದಾಹರಣೆಯೂ ಇದೆ: ಫ್ಲಾಟ್‌ಹೆಡ್‌ನಲ್ಲಿ 1908ರಲ್ಲಿ ಬೈಸನ್ ಧಾಮಕ್ಕೆಂದು ಕಿತ್ತುಕೊಂಡ ಸುಮಾರು 18,800 ಎಕರೆಯನ್ನು 2020ರ ಡಿಸೆಂಬರ್‌ನ ಕಾನೂನು ಸೇಲಿಶ್ ಮತ್ತು ಕೂಟ್ನೈ ಜನರಿಗೆ ಹಿಂದಿರುಗಿಸಿತು.

ಬಿಆರ್‌ಟಿ ಓದುಗ:
ನಮ್ಮ ಕಾಟಿಯ (ಕಾಡುಕೋಣದ) ವಿಷಯ ಇಲ್ಲಿ ಎಷ್ಟು ಹೊಂದುತ್ತದೆ? ಪ್ರಾಣಿ ಬೇರೆ, ಕಾಡು ಬೇರೆ ಎಂಬುದು ಗೊತ್ತು.

ಪಶುವೈದ್ಯೆ:
@ಬಿಆರ್‌ಟಿ ಓದುಗ, ಎರಡು ಕಡೆ ಹೊಂದುತ್ತದೆ. ದನದ ರೋಗ ಕಾಡಿಗೆ ದಾಟುವುದು: 1968ರಲ್ಲಿ ಬಂಡೀಪುರ-ಮುದುಮಲೆಯಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಹರಡಿ ಕಾಟಿಗಳು ಬಹಳ ಸತ್ತವು. ಮರಳಿಸುವುದು: ಮಧ್ಯಪ್ರದೇಶದ ಬಾಂಧವಗಢದಲ್ಲಿ ಅಳಿದುಹೋಗಿದ್ದ ಕಾಟಿಯನ್ನು 2011ರಲ್ಲಿ ಕಾನ್ಹಾದಿಂದ ತಂದು ಬಿಟ್ಟರು, ಅದೂ ಮೊದಲು ಬೇಲಿಯೊಳಗಿಟ್ಟೇ.

ಹಕ್ಕುಪತ್ರ:
ಹಕ್ಕಿನ ಕಡೆ ವ್ಯತ್ಯಾಸ ದೊಡ್ಡದು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಆದರೆ ಬೇಟೆ ಅದರಲ್ಲಿ ಇಲ್ಲ. ಅಮೆರಿಕದ ಮೀಸಲು ಪ್ರದೇಶಗಳಲ್ಲಿ ಹಿಂಡಿನ ಸಂಖ್ಯೆ, ಬೇಟೆ, ಹಂಚಿಕೆ ಎಲ್ಲ ಬುಡಕಟ್ಟಿನ ತೀರ್ಮಾನ.

ಗೋಮಾಳ:
ಕೊನೆಯದಾಗಿ ಮಾಂಸದ ವಿಷಯ ಯಾರಾದರೂ ಬರೆಯಿರಿ. ಅದನ್ನು ಬಿಟ್ಟರೆ ಚರ್ಚೆ ಅಪೂರ್ಣ.

ದೊಡ್ಡಿ ಕೆಲಸ:
ಬರೆಯುತ್ತೇನೆ. ಹೆಚ್ಚಿನ ಕಡೆ ಬಯಲಲ್ಲೇ ಕೊಯ್ಲು. ಪ್ರಾರ್ಥನೆ ಮುಗಿದ ಮೇಲೆ ಒಂದೇ ಗುಂಡು, ತಲೆಗೆ, ಪ್ರಾಣಿ ಮೇಯುತ್ತಾ ನಿಂತಿರುವಾಗ. ಟ್ರಕ್ಕಿನಲ್ಲಿ ಸಾಗಿಸಿ ಹೆದರಿಸಿ ಕೊಂದದ್ದರ ಮಾಂಸ ಕಪ್ಪಾಗಿ, ಗಟ್ಟಿಯಾಗುತ್ತದೆ. ಆಯ್ಕೆ ಸಾಮಾನ್ಯವಾಗಿ ಎರಡು-ಎರಡೂವರೆ ವರ್ಷದ ಹೋರಿ, ಸುಲಿದು ಶುಚಿಮಾಡಿದ ಮೇಲೆ ಸುಮಾರು 250 ಕೆಜಿ ಮೈ ಸಿಗುತ್ತದೆ. ದಾರಿ ತೋರುವ ಹಿರಿಯ ಹೆಣ್ಣನ್ನು ತೆಗೆದರೆ ಹಿಂಡು ತಿಂಗಳುಗಟ್ಟಲೆ ಚೆದುರಾಡುತ್ತದೆ.

ಚಳಿಗಾಲವೆಂದು ನಿಧಾನ ಮಾಡಬಾರದು. ಆ ದಪ್ಪ ಚರ್ಮ, ಕೂದಲು ಒಳಗಿನ ಶಾಖ ಬಿಡುವುದಿಲ್ಲ. ಕೂಡಲೇ ರಕ್ತ ಬಸಿದು, ಹೊಟ್ಟೆ ತೆರೆದು ಗಾಳಿಯಾಡಿಸದಿದ್ದರೆ ಹೊರಗೆ ಹಿಮ ಬೀಳುತ್ತಿದ್ದರೂ ತೊಡೆಮೂಳೆಯ ಸುತ್ತ ಮಾಂಸ ಹಳಸುತ್ತದೆ. ಚರ್ಮಕ್ಕೆ ಅಂದೇ ಉಪ್ಪು.

ಹಿರಿಯರ ಮನೆಗೆ, ಆಚರಣೆಗೆ ಹಂಚಲು ತೊಡಕಿಲ್ಲ. ಶಾಲೆಯ ಊಟಕ್ಕೆ ಅಥವಾ ಮಾರಾಟಕ್ಕೆ ತಪಾಸಣೆಯ ಮುದ್ರೆ ಬೇಕಾಗುತ್ತದೆ. ದನ, ಕುರಿ, ಹಂದಿಗೆ ಫೆಡರಲ್ ತಪಾಸಣೆ ಕಡ್ಡಾಯ, ಖರ್ಚು ಸರ್ಕಾರದ್ದು. ಬೈಸನ್ ಆ ಪಟ್ಟಿಯಲ್ಲಿಲ್ಲ, ಸ್ವಯಂಪ್ರೇರಿತ ತಪಾಸಣೆಗೆ ಗಂಟೆಯ ಲೆಕ್ಕದಲ್ಲಿ ಬುಡಕಟ್ಟೇ ಶುಲ್ಕ ಕಟ್ಟಬೇಕು. ಮುದ್ರೆ ಹಾಕುವ ಕಸಾಯಿಖಾನೆ ನೂರಾರು ಕಿಲೋಮೀಟರ್ ದೂರ ಇರುವುದೂ ಉಂಟು. ಅದಕ್ಕೇ ಕೆಲವರು ಚಕ್ರದ ಮೇಲಿನ ಸಂಸ್ಕರಣಾ ಘಟಕಕ್ಕೆ ಹೋಗುತ್ತಿದ್ದಾರೆ. 2023ರ ಮಾರ್ಚ್‌ನಲ್ಲಿ ಅಮೆರಿಕದ ಆಗಿನ ಒಳಾಡಳಿತ ಕಾರ್ಯದರ್ಶಿ ಡೆಬ್ ಹಾಲೆಂಡ್ ಬೈಸನ್ ಪುನಃಸ್ಥಾಪನೆಗೆ 2.5 ಕೋಟಿ ಡಾಲರ್ ಘೋಷಿಸಿದ್ದು ಹಿಂಡು ಮತ್ತು ನೆಲಕ್ಕೆ. ಸಂಸ್ಕರಣಾ ಘಟಕಕ್ಕೆ ಕೃಷಿ ಇಲಾಖೆಯ ಅನುದಾನ ಬೇರೆಯಿತ್ತು, ಅರ್ಜಿಯೂ ಬೇರೆ. ಹಿಂಡಿನ ಯೋಜನೆ ಬರೆಯುವ ವರ್ಷವೇ ಎರಡಕ್ಕೂ ಆಗ ಯಾವ ಅನುದಾನ ತೆರೆದಿದೆ ಎಂದು ವಿಚಾರಿಸಿ ಅರ್ಜಿ ಸಿದ್ಧಮಾಡಿ. @ಹುಲ್ಲಿನ ಲೆಕ್ಕ ಹೇಳಿದಂತೆ ಹಿಂಡು ಇಮ್ಮಡಿಯಾಗುವ ಅವಧಿ ನಾಲ್ಕೈದು ವರ್ಷ, ಘಟಕ ಅಷ್ಟರೊಳಗೆ ಓಡುವ ಸ್ಥಿತಿಯಲ್ಲಿರಬೇಕು.